ಬೆಟ್ಟದ ನೀರಿಗೆ ಅವರವರ ಹಾದಿ

ದಸರಾ ರಜೆ ಹತ್ತಿರ ಬಂತೆಂದರೆ ಹೈಸ್ಕೂಲು ಮಕ್ಕಳ ಬಾಯಲ್ಲಿ ಒಂದೇ ಪ್ರಶ್ನೆ: ‘ಈ ಸಲ ಎಲ್ಲಿಗೆ?’ ಈಚಿನ ವರ್ಷಗಳಲ್ಲಿ ಆ ಪ್ರಶ್ನೆಗೆ ಉತ್ತರವನ್ನೂ ಅವರೇ ತರುತ್ತಾರೆ. ಹಿಮಾಲಯದ ಮಡಿಲಲ್ಲಿ ನೀಲಿಯಾಗಿ ಹೊಳೆಯುವ ಯಾವುದೋ ಸರೋವರದ ಚಿತ್ರವನ್ನು ಮೊಬೈಲಿನಲ್ಲಿ ತೋರಿಸಿ, ‘ಇಲ್ಲಿಗೆ ಹೋಗಬೇಕು’ ಎನ್ನುತ್ತಾರೆ. ಅಪ್ಪ ಅಮ್ಮಂದಿರಿಗೆ ಎದೆ ಝಲ್ಲೆನ್ನುತ್ತದೆ. ಮಕ್ಕಳ ಆಸೆಯೂ ಸಹಜ, ಹಿರಿಯರ ಅಂಜಿಕೆಯೂ ಸಹಜ. ಇವೆರಡರ ನಡುವೆ ನಮ್ಮ ಸಾರಕ್ಕಿಯ ಬಾಗಿಲಿನಿಂದಲೇ ಆರಂಭವಾಗುವ ಒಂದು ದಾರಿ ಇದೆ ಎಂಬುದನ್ನು ಹೇಳುವುದಕ್ಕೇ ಈ ಲೇಖನ.

ಹಿಮನದಿಗಳು ಕೊರೆದ ಸರೋವರಗಳು ನಮ್ಮ ನಾಡಿನಲ್ಲಿಲ್ಲ, ನಿಜ. ಹಾಗೆಂದು ನಮ್ಮ ಬೆಟ್ಟಗಳು ನೀರಿಲ್ಲದ ಬರಡು ಬಂಡೆಗಳಲ್ಲ. ದೊಣೆ, ಹೊಂಡ, ತೀರ್ಥ, ಕಲ್ಯಾಣಿ, ಕೆರೆ ಹೀಗೆ ಬೆಟ್ಟದ ನೀರಿಗೆ ನಮ್ಮ ಭಾಷೆಯಲ್ಲಿ ಎಷ್ಟೊಂದು ಹೆಸರುಗಳಿವೆ! ಇನ್ನೂ ಒಳ್ಳೆಯ ಸಂಗತಿಯೆಂದರೆ, ತುದಿಯಲ್ಲಿ ನೀರಿರುವ ನಮ್ಮ ಬೆಟ್ಟಗಳಲ್ಲಿ ಅನೇಕವಕ್ಕೆ ಬುಡದಲ್ಲೂ ನೀರಿದೆ. ಹತ್ತಬಲ್ಲವರು ಮೇಲಿನ ನೀರಿಗೆ ಹೋಗಬಹುದು, ಹತ್ತಲಾರದವರು ಕೆಳಗಿನ ನೀರಿನ ಬಳಿ ಕೂರಬಹುದು. ಮನೆಯಲ್ಲಿ ಯಾರನ್ನೂ ಬಿಟ್ಟುಹೋಗಬೇಕಾಗಿಲ್ಲ.

ಮೊದಲ ಪರೀಕ್ಷೆ ಸಾರಕ್ಕಿ ಕೆರೆಯಲ್ಲಿ

ಯಾವ ಬೆಟ್ಟ ಎಂದು ತೀರ್ಮಾನಿಸುವ ಮೊದಲು ಕಾಲಿನ ಶಕ್ತಿ ತಿಳಿದಿರಬೇಕು. ಅದಕ್ಕೆ ಸಾರಕ್ಕಿ ಕೆರೆಯೇ ಸಾಕು. ಸುಮಾರು 82 ಎಕರೆಯ ಈ ಕೆರೆಯ ಒತ್ತುವರಿಯನ್ನು 2015ರ ಏಪ್ರಿಲ್‌ನಲ್ಲಿ ಜಿಲ್ಲಾಡಳಿತ ತೆರವುಗೊಳಿಸಿದ್ದನ್ನು ಈ ಭಾಗದವರು ಮರೆತಿರಲಾರರು. ಆಮೇಲೆ ಅಭಿವೃದ್ಧಿಗೊಂಡ ಕೆರೆಯ ದಂಡೆಯಲ್ಲಿ ಈಗ ನಡೆದಾಡುವ ಹಾದಿಯಿದೆ. ದಾರಿ ಸಮತಟ್ಟು. ಅಜ್ಜ ಅಜ್ಜಿಯರಿಗೂ, ಮಂಡಿನೋವಿನವರಿಗೂ, ನಾಲ್ಕು ವರ್ಷದ ಕೂಸಿಗೂ ಇದೇ ಮೊದಲ ಚಾರಣ.

ವಿದ್ಯಾರ್ಥಿಗಳು ಇಲ್ಲಿ ಒಂದು ಪ್ರಯೋಗ ಮಾಡಬಹುದು. ಬೆನ್ನಿಗೆ ಎರಡು ಲೀಟರ್ ನೀರಿನ ಚೀಲ ಹಾಕಿಕೊಂಡು ಒಂದು ಗಂಟೆ ನಿಲ್ಲದೆ ನಡೆಯಿರಿ. ಪಕ್ಕದವರ ಜೊತೆ ಏದುಸಿರಿಲ್ಲದೆ ಮಾತಾಡುತ್ತಾ ನಡೆಯಲು ಸಾಧ್ಯವಾದರೆ ಸಣ್ಣ ಬೆಟ್ಟಕ್ಕೆ ಸಿದ್ಧ ಎಂದು ತಿಳಿಯಿರಿ. ಎಂಟು ದಿನ ಇದನ್ನೇ ಮಾಡಿ ಆಮೇಲೆ ಹೊರಡುವುದು ಇನ್ನೂ ಒಳ್ಳೆಯದು.

ಇದರ ಜೊತೆಗೆ ಒಂದು ಲೆಕ್ಕವನ್ನೂ ಕಲಿಯಿರಿ. ಸ್ಕಾಟ್ಲೆಂಡಿನ ವಿಲಿಯಂ ನೈಸ್ಮಿತ್ ಎಂಬ ಪರ್ವತಾರೋಹಿ 1892ರಲ್ಲಿ ಹೇಳಿದ ಸೂತ್ರವಿದು. ಅದರ ಪ್ರಕಾರ ಐದು ಕಿ.ಮೀ. ನಡಿಗೆಗೆ ಒಂದು ಗಂಟೆ, ಏರಬೇಕಾದ ಪ್ರತಿ 600 ಮೀಟರಿಗೆ ಇನ್ನೊಂದು ಗಂಟೆ. ಮೂರು ಕಿ.ಮೀ. ದಾರಿ, 300 ಮೀಟರ್ ಏರಿಕೆ ಎಂದಾದರೆ 36 ನಿಮಿಷಕ್ಕೆ 30 ನಿಮಿಷ ಸೇರಿಸಿ 66 ನಿಮಿಷ. ಇದು ಗಟ್ಟಿಕಾಲಿನವರ ಲೆಕ್ಕ. ಚಿಕ್ಕ ಮಕ್ಕಳಿರುವ ಕುಟುಂಬ ಇದನ್ನು ಎರಡರಿಂದ ಗುಣಿಸಿಕೊಳ್ಳಬೇಕು. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಯಾರೋ ಅವರ ವೇಗವೇ ಇಡೀ ಗುಂಪಿನ ವೇಗ.

ಬಂಡೆಯ ಮೇಲೆ ನೀರು ಹೇಗೆ?

ಲಾಲ್‌ಬಾಗಿನ ಬಂಡೆಯನ್ನು ನೀವೆಲ್ಲ ಹತ್ತಿರುತ್ತೀರಿ. ಅದು ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ. ರಾಮನಗರ, ಸಾವನದುರ್ಗ, ಶಿವಗಂಗೆಯ ಬೆಟ್ಟಗಳು ಅದಕ್ಕಿಂತ ಕಿರಿಯವು, ಅಂದರೆ ಸುಮಾರು 250 ಕೋಟಿ ವರ್ಷದವು! ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿದ್ದುದರಿಂದ ಈ ಕಲ್ಲನ್ನು ಭೂವಿಜ್ಞಾನಿಗಳು ‘ಕ್ಲೋಸ್‌ಪೇಟ್ ಗ್ರಾನೈಟ್’ ಎನ್ನುತ್ತಾರೆ.

ಗ್ರಾನೈಟ್ ಗಟ್ಟಿ ಕಲ್ಲಾದರೂ ಅದರಲ್ಲಿರುವ ಎಲ್ಲ ಖನಿಜಗಳೂ ಒಂದೇ ರೀತಿ ಗಟ್ಟಿಯಲ್ಲ. ಬಂಡೆಯ ಸಣ್ಣ ತಗ್ಗಿನಲ್ಲಿ ಮಳೆನೀರು ನಿಂತಾಗ ಫೆಲ್ಡ್‌ಸ್ಪಾರ್ ಎಂಬ ಖನಿಜ ನಿಧಾನವಾಗಿ ಜೇಡಿಯಾಗುತ್ತದೆ. ಬೆಣಚುಕಲ್ಲಿನ ಹರಳು ಮರಳಾಗಿ ಉದುರುತ್ತದೆ. ಗಾಳಿ ಮಳೆಗಳು ಆ ಪುಡಿಯನ್ನು ಹೊತ್ತೊಯ್ದಂತೆ ತಗ್ಗು ಆಳವಾಗುತ್ತದೆ, ಆಳವಾದಷ್ಟೂ ಹೆಚ್ಚು ದಿನ ನೀರು ನಿಲ್ಲುತ್ತದೆ. ಸಾವಿರಾರು ವರ್ಷ ಹೀಗೆ ನಡೆದು ದೊಣೆಯಾಗುತ್ತದೆ. ಬಂಡೆಯ ಬಿರುಕುಗಳಲ್ಲಿ ಇಳಿದ ನೀರು ಇನ್ನೆಲ್ಲೋ ಜಿನುಗಿ ಚಿಲುಮೆಯಾಗುತ್ತದೆ. ಕೋಟೆ ಕಟ್ಟಿದ ಪಾಳೆಯಗಾರರು ಈ ಮರ್ಮವನ್ನು ಚೆನ್ನಾಗಿ ಅರಿತಿದ್ದರು. ಚಿತ್ರದುರ್ಗದ ಕೋಟೆಯೊಳಗಿನ ಗೋಪಾಲಸ್ವಾಮಿ ಹೊಂಡ, ಅಕ್ಕತಂಗಿಯರ ಹೊಂಡಗಳನ್ನು ನೋಡಿದವರಿಗೆ ಇದು ಗೊತ್ತು.

ಮಳೆಗಾಲದಲ್ಲಿ ದೊಣೆಯ ನೀರನ್ನು ಹತ್ತಿರದಿಂದ ದಿಟ್ಟಿಸಿದರೆ ಗೊದಮೊಟ್ಟೆಗಳು ಕಾಣುತ್ತವೆ. ಅದೃಷ್ಟವಿದ್ದರೆ ಬೆನ್ನು ಕೆಳಗಾಗಿ ಈಜುವ ಫೇರಿ ಶ್ರಿಂಪ್ ಎಂಬ ಪುಟ್ಟ ಜೀವಿಯೂ ಕಂಡೀತು. ನೀರು ಬತ್ತಿದಾಗ ಇದರ ಮೊಟ್ಟೆಗಳು ಒಣಮಣ್ಣಿನಲ್ಲಿ ಉಳಿದು, ಮುಂದಿನ ಮಳೆಗೆ ಒಡೆಯುತ್ತವೆ. ಆ ನೀರಿನಲ್ಲಿ ಕೈಕಾಲಿಗೆ ಸೋಪು ಹಚ್ಚಿ ತೊಳೆಯುವುದು, ತಿಂಡಿ ಪೊಟ್ಟಣ ಎಸೆಯುವುದು ಎಂದರೆ ಒಂದಿಡೀ ಲೋಕವನ್ನೇ ಅಳಿಸಿದಂತೆ.

ಅಜ್ಜಿಯೂ ಬರಬಹುದಾದ ಬೆಟ್ಟಗಳು

ನಂದಿಬೆಟ್ಟ ಎಲ್ಲ ಶಕ್ತಿಯವರಿಗೂ ಸಲ್ಲುತ್ತದೆ. ಬುಡದಲ್ಲಿ ಭೋಗನಂದೀಶ್ವರ ದೇವಾಲಯದ ಶೃಂಗಿತೀರ್ಥ, ತುದಿಯಲ್ಲಿ ಅಮೃತ ಸರೋವರ. ಹತ್ತಲಾರದವರು ದೇವಾಲಯದ ಕಲ್ಯಾಣಿಯ ಮೆಟ್ಟಿಲ ಮೇಲೆ ಕೂರಬಹುದು, ಅಥವಾ ವಾಹನದಲ್ಲೇ ಮೇಲಕ್ಕೆ ಹೋಗಬಹುದು. ಹುಮ್ಮಸ್ಸಿನವರಿಗೆ ಸುಲ್ತಾನಪೇಟೆ ಕಡೆಯಿಂದ ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳ ಹಳೆಯ ದಾರಿಯಿದೆ.

ಬೆಟ್ಟದ ಎತ್ತರ 1,478 ಮೀಟರ್, ಬೆಂಗಳೂರಿನದು ಸುಮಾರು 920 ಮೀಟರ್. ಒಂದು ಕಿ.ಮೀ. ಮೇಲೇರಿದರೆ ಉಷ್ಣತೆ ಸರಾಸರಿ ಆರೂವರೆ ಡಿಗ್ರಿ ಸೆಲ್ಸಿಯಸ್ ಇಳಿಯುತ್ತದೆ ಎಂಬುದು ಪಾಠದಲ್ಲಿದೆಯಲ್ಲವೇ? ಹಾಗಾದರೆ ನಂದಿಯಲ್ಲಿ ಎಷ್ಟು ಕಡಿಮೆ ಇರಬೇಕು? ಲೆಕ್ಕದಲ್ಲಿ ಮೂರೂವರೆ ಡಿಗ್ರಿ. ಒಂದು ಉಷ್ಣಮಾಪಕ ಕೊಂಡೊಯ್ದು ಬುಡದಲ್ಲೂ ತುದಿಯಲ್ಲೂ ನೆರಳಿನಲ್ಲಿ ಅಳೆದು ನೋಡಿ. ಉತ್ತರ ಸ್ವಲ್ಪ ಹೆಚ್ಚುಕಡಿಮೆ ಬಂದರೆ ಅದೇಕೆ ಎಂದು ಚರ್ಚಿಸಿ. ತರಗತಿಯ ನಾಲ್ಕು ಗೋಡೆಗಳ ನಡುವೆ ಇಪ್ಪತ್ತೈದು ವರ್ಷ ಹೇಳಿದ್ದಕ್ಕಿಂತ ಇಂಥ ಒಂದು ಬೆಳಗು ಮಕ್ಕಳಿಗೆ ಹೆಚ್ಚು ಕಲಿಸುವುದನ್ನು ನಾನು ಕಂಡಿದ್ದೇನೆ.

ತುಮಕೂರಿನ ಹತ್ತಿರದ ದೇವರಾಯನದುರ್ಗ ಇನ್ನೂ ಸೌಮ್ಯ. ಕಾಡಿನ ಅಂಚಿನ ನಾಮದ ಚಿಲುಮೆಯಲ್ಲಿ ಬಂಡೆಯೊಳಗಿಂದ ನೀರು ಜಿನುಗುವುದನ್ನು ಯಾರು ಬೇಕಾದರೂ ನೋಡಬಹುದು. ಮೇಲಿನ ಯೋಗಾನರಸಿಂಹ ದೇವಾಲಯಕ್ಕೆ ಮೆಟ್ಟಿಲುಗಳಿವೆ. ಈ ಬೆಟ್ಟಸಾಲಿನಲ್ಲಿ ಶಿಂಷಾ ಮತ್ತು ಜಯಮಂಗಲಿ ಎಂಬ ಎರಡು ನದಿಗಳು ಹುಟ್ಟುತ್ತವೆ. ಶಿಂಷಾ ಕಾವೇರಿಯನ್ನು ಸೇರಿ ತಮಿಳುನಾಡಿನ ಕರಾವಳಿಗೆ ಹೋದರೆ, ಜಯಮಂಗಲಿ ಉತ್ತರ ಪಿನಾಕಿನಿಯ ಜೊತೆಗೂಡಿ ಆಂಧ್ರದ ನೆಲ್ಲೂರಿನತ್ತ ಹರಿಯುತ್ತದೆ. ಅಕ್ಕಪಕ್ಕ ಬಿದ್ದ ಎರಡು ಹನಿಗಳು ಬಂಗಾಳ ಕೊಲ್ಲಿಯನ್ನು ಸೇರುವುದು ನೂರಾರು ಕಿ.ಮೀ. ಅಂತರದಲ್ಲಿ! ‘ಜಲವಿಭಾಜಕ’ ಎಂಬ ಪದದ ಅರ್ಥ ಇಲ್ಲಿ ನಿಂತರೆ ಒಮ್ಮೆಗೇ ತಿಳಿಯುತ್ತದೆ.

ಕಾಲು ಗಟ್ಟಿಯಿದ್ದವರಿಗೆ

ಎರಡನೆಯ ಹಂತಕ್ಕೆ ಶಿವಗಂಗೆ. ನಮ್ಮ ಭಾಗದವರಿಗೆ ಈಗ ಅನುಕೂಲವೂ ಹೆಚ್ಚಿದೆ. ಕನಕಪುರ ರಸ್ತೆಯ ಮೆಟ್ರೊದಲ್ಲಿ ಹತ್ತಿದರೆ ಗಾಡಿ ಬದಲಿಸದೆ ತುಮಕೂರು ರಸ್ತೆಯ ಮಾದಾವರದವರೆಗೆ ಹೋಗಬಹುದು. ಅಲ್ಲಿಂದ ಮುಂದಕ್ಕೆ ರಸ್ತೆಯಲ್ಲಿ ನೆಲಮಂಗಲ, ದಾಬಸ್‌ಪೇಟೆ ದಾಟಿದರೆ ಶಿವಗಂಗೆ. ಪಾತಾಳಗಂಗೆ, ಒಳಕಲ್ಲು ತೀರ್ಥ ಎಂದು ದಾರಿಯುದ್ದಕ್ಕೂ ನೀರಿನದೇ ಮಾತು. ಒಳಕಲ್ಲಿನ ಕಿಂಡಿಗೆ ಕೈಹಾಕಿ ನೀರು ಸಿಕ್ಕಿದರೆ ಪುಣ್ಯವಂತರು ಎಂಬ ನಂಬಿಕೆಯಿದೆ. ಅರ್ಕಾವತಿಯನ್ನು ಸೇರುವ ಕುಮುದ್ವತಿ ನದಿ ಹುಟ್ಟುವುದೂ ಈ ಬೆಟ್ಟದಲ್ಲೇ. ಒಳಕಲ್ಲಿನವರೆಗೆ ಮಧ್ಯವಯಸ್ಕರು ನಿಧಾನವಾಗಿ ಹೋಗಬಹುದು. ಅದರ ಮೇಲಿನ ದಾರಿ ಕಡಿದು, ಕಂಬಿ ಹಿಡಿದೇ ಏರಬೇಕು. ತಲೆ ತಿರುಗುವವರು ಒಳಕಲ್ಲಿನಲ್ಲೇ ನಿಂತರೆ ಯಾವ ಅವಮಾನವೂ ಇಲ್ಲ.

ಮಾಗಡಿ ಬಳಿಯ ಸಾವನದುರ್ಗ (1,226 ಮೀಟರ್) ಮೂರನೆಯ ಹಂತ. 1791ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಹಿಡಿದ ಕೋಟೆ ಇದು. ಇಲ್ಲಿ ಮೆಟ್ಟಿಲುಗಳ ನೆಮ್ಮದಿಯಿಲ್ಲ, ಬರಿ ಬಂಡೆಯ ಇಳಿಜಾರನ್ನೇ ಏರಬೇಕು. ದಾರಿಯಲ್ಲಿ ದೊಣೆಗಳು, ಮೇಲೆ ನಂದಿ ಮಂಟಪ, ಕೆಳಗೆ ದೂರದಲ್ಲಿ ಮಂಚನಬೆಲೆ ಜಲಾಶಯ. ಹೈಸ್ಕೂಲಿನ ದೊಡ್ಡ ಮಕ್ಕಳು, ಕಾಲೇಜಿನವರು ಅನುಭವಸ್ಥರ ಜೊತೆ ಮಾತ್ರ ಹೋಗಬೇಕು. ಮಳೆ ಬಂದು ಬಂಡೆ ಒದ್ದೆಯಾಗಿದ್ದರೆ ಯಾರೂ ಹತ್ತಬಾರದು.

ಗಾಳಿಕೆರೆಯ ಮಂಜಿನಲ್ಲಿ

ನಿಜವಾದ ‘ಬೆಟ್ಟದ ಕೆರೆ’ ನೋಡಬೇಕೆಂದರೆ ಚಿಕ್ಕಮಗಳೂರಿನ ಬಾಬಾಬುಡನ್‌ಗಿರಿಗೆ ಹೋಗಬೇಕು. ಗಿರಿಯಿಂದ ಹುಲ್ಲುಗಾವಲಿನ ದಾರಿಯಲ್ಲಿ ನಡೆದರೆ ಗುಡ್ಡಗಳ ನಡುವೆ ಗಾಳಿಕೆರೆ ಸಿಗುತ್ತದೆ. ಕೆರೆ ಚಿಕ್ಕದು. ಸುತ್ತಲೂ ಹುಲ್ಲು, ಕಣಿವೆಗಳಲ್ಲಿ ಶೋಲಾ ಕಾಡು. ಈ ಹುಲ್ಲು ಮತ್ತು ಕಾಡು ಮಳೆಯನ್ನು ಸ್ಪಂಜಿನಂತೆ ಹೀರಿಕೊಂಡು ತಿಂಗಳುಗಟ್ಟಲೆ ಮೆಲ್ಲಗೆ ಬಿಡುತ್ತವೆ. ಬಯಲಿನ ವೇದಾವತಿ ನದಿಯ ಮೂಲ ಇದೇ ಗಿರಿಶ್ರೇಣಿ.

ಇಲ್ಲಿ ಏರಿಕೆಗಿಂತ ಕಷ್ಟ ಕೊಡುವುದು ಮಂಜು, ಗಾಳಿ ಮತ್ತು ಇಂಬಳ. ಮಂಜು ಮುಸುಕಿದರೆ ಹತ್ತು ಮಾರು ಆಚೆಯ ದಾರಿ ಕಾಣದು. ಸ್ಥಳೀಯರನ್ನು ಜೊತೆಗೆ ಕರೆದುಕೊಂಡೇ ಹೊರಡಬೇಕು. ನಡೆಯಲಾಗದ ಹಿರಿಯರಿಗೆ ಇಲ್ಲೂ ಕೆಳಗಿನ ನೀರಿದೆ. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯ ಏರಿಯ ಮೇಲೆ ನಿಂತರೆ ಹಿಂದಿನ ಶಕುನಗಿರಿ ನೀರಿನಲ್ಲಿ ತಲೆಕೆಳಗಾಗಿ ಕಾಣುತ್ತದೆ. ಬೆಳಿಗ್ಗೆ ಅಲ್ಲಿಗೆ, ಮರುದಿನ ಗಿರಿಗೆ ಎಂದು ಯೋಜಿಸಿದರೆ ಮೂರು ತಲೆಮಾರೂ ಒಂದೇ ಪ್ರವಾಸದಲ್ಲಿ ಸೇರಬಹುದು.

ಸಹಸ್ರತಾಲ್ ಕಲಿಸಿದ್ದು

ಇನ್ನು ಹಿಮಾಲಯದ ಮಾತು. 2024ರ ಜೂನ್ ಮೊದಲ ವಾರದ ಸುದ್ದಿ ಬೆಂಗಳೂರಿನ ಅನೇಕ ಮನೆಗಳನ್ನು ನಡುಗಿಸಿತು. ಉತ್ತರಾಖಂಡದಲ್ಲಿ 14 ಸಾವಿರ ಅಡಿಗೂ ಎತ್ತರದ ಸಹಸ್ರತಾಲ್ ಎಂಬ ಸರೋವರಗಳ ಚಾರಣಕ್ಕೆ ಕರ್ನಾಟಕದಿಂದ ಹೋಗಿದ್ದ ತಂಡ ಮರಳುವಾಗ ಹಿಮಗಾಳಿಗೆ ಸಿಕ್ಕಿತು. ಮಾರ್ಗದರ್ಶಿಗಳೂ ಸೇರಿ 22 ಜನರಿದ್ದ ತಂಡದಲ್ಲಿ ಒಂಬತ್ತು ಮಂದಿ ತೀರಿಕೊಂಡರು. ಹದಿಮೂರು ಮಂದಿಯನ್ನು ಉಳಿಸಲಾಯಿತು. ಪರಿಹಾರ ಕಾರ್ಯಕ್ಕೆ ವಾಯುಪಡೆಯ ಹೆಲಿಕಾಪ್ಟರುಗಳು ಹೋಗಬೇಕಾಯಿತು. ಮಡಿದವರಲ್ಲಿ ಚಾರಣದ ಅನುಭವವಿದ್ದವರೂ ಇದ್ದರು. ಆದ್ದರಿಂದ ‘ಗೊತ್ತಿಲ್ಲದವರು ಹೋದರು’ ಎಂದು ಹೇಳಿ ಕೈತೊಳೆದುಕೊಳ್ಳುವುದು ಸರಿಯಲ್ಲ.

ನಂದಿಯ ಲೆಕ್ಕವನ್ನೇ ಇಲ್ಲಿಗೂ ಹಾಕಿ. ಬೆಂಗಳೂರಿಗಿಂತ ಮೂರೂವರೆ ಕಿ.ಮೀ. ಎತ್ತರ ಎಂದರೆ ಉಷ್ಣತೆ 22-23 ಡಿಗ್ರಿ ಕಡಿಮೆ. ನಮ್ಮಲ್ಲಿ ವಾಯುವಿನ ಒತ್ತಡ ಸಮುದ್ರಮಟ್ಟದ ಶೇಕಡಾ 90ರಷ್ಟಿದ್ದರೆ, ಅಲ್ಲಿ ಶೇಕಡಾ 60ರ ಆಸುಪಾಸು. ಪ್ರತಿ ಉಸಿರಿಗೆ ಸಿಗುವ ಆಮ್ಲಜನಕವೂ ಅದೇ ಪ್ರಮಾಣದಲ್ಲಿ ಕಡಿಮೆ. ಒದ್ದೆ ಬಟ್ಟೆಯ ಮೇಲೆ ಗಾಳಿ ಬೀಸಿದರೆ ದೇಹದ ಶಾಖ ಬೇಗ ಸೋರಿಹೋಗುತ್ತದೆ. ಚಳಿಯೇರಿದ ಮನುಷ್ಯನಿಗೆ ವಿವೇಚನೆಯೂ ಮಂಕಾಗುತ್ತದೆ. ಕಾಲಿನ ಶಕ್ತಿಯೊಂದೇ ಅಲ್ಲಿ ಸಾಲದು. ಹಂತಹಂತವಾಗಿ ದೇಹ ಒಗ್ಗಲು ದಿನಗಳು ಬೇಕು, ಹವಾಮಾನದ ಮುನ್ಸೂಚನೆ ಬೇಕು, ಅರ್ಧದಲ್ಲೇ ಹಿಂದಿರುಗುವ ಅಧಿಕಾರವುಳ್ಳ ನಾಯಕ ಬೇಕು. ಕಾಲೇಜು ಸೇರಿದ ಮೇಲೆ ಹೋಗಲೇಬೇಕೆನ್ನುವವರು ಈ ಮೂರನ್ನೂ ವಿಚಾರಿಸದೆ ಹಣ ಕಟ್ಟಬಾರದು.

ಹೊರಡುವ ಮುನ್ನ

ಹಿಂದಿರುಗುವ ಸಮಯವನ್ನು ಮನೆಯಲ್ಲೇ ನಿಶ್ಚಯಿಸಿ. ‘ಹನ್ನೊಂದು ಗಂಟೆಗೆ ಎಲ್ಲಿದ್ದರೆ ಅಲ್ಲಿಂದ ವಾಪಸ್ಸು’ ಎಂದು ಬೆಳಿಗ್ಗೆ ಆರಕ್ಕೇ ಒಪ್ಪಿಕೊಂಡವರು ತುದಿ ಹತ್ತಿರ ಕಂಡಾಗ ವಾದಕ್ಕಿಳಿಯುವುದಿಲ್ಲ. ಅಕ್ಟೋಬರ್‌ನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಸಿಡಿಲು ಸಾಮಾನ್ಯ. ಮಿಂಚು ಕಂಡೊಡನೆ ಎಣಿಸಲು ಆರಂಭಿಸಿ. ಮೂರು ಸೆಕೆಂಡಿಗೆ ಒಂದು ಕಿ.ಮೀ. ಲೆಕ್ಕ. ಮೂವತ್ತು ಎಣಿಸುವುದರೊಳಗೆ ಗುಡುಗು ಕೇಳಿಸಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ ಎಂದರ್ಥ. ತಡಮಾಡದೆ ಬೋಳುಬಂಡೆಯಿಂದ ಇಳಿಯಿರಿ. ಒಂಟಿಮರದ ಕೆಳಗೆ ನಿಲ್ಲಬೇಡಿ.

ಎಲ್ಲಕ್ಕಿಂತ ಮುಖ್ಯವಾದ ಮಾತು, ನೀರಿಗೆ ಇಳಿಯಬೇಡಿ. ದೊಣೆಯ ಒಳಬದಿ ಬಾನಿಯಂತೆ ದುಂಡಗಿದ್ದು ಪಾಚಿ ಕಟ್ಟಿರುತ್ತದೆ. ಜಾರಿ ಬಿದ್ದವರಿಗೆ ಹಿಡಿಯಲು ಏನೂ ಸಿಗದು. ಜಲಾಶಯದ ಅಂಚಿನಲ್ಲಿ ಮೊಳಕಾಲುದ್ದ ಇದ್ದ ನೀರು ಮುಂದಿನ ಹೆಜ್ಜೆಗೆ ಆಳುದ್ದವಾಗಬಹುದು. ಮಂಚನಬೆಲೆಯಲ್ಲಿ ಎಳೆಯರು ಮುಳುಗಿದ ಸುದ್ದಿ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬಂದಿದೆ. ಈಜು ಬಲ್ಲವರೂ ಅದರಲ್ಲಿದ್ದರು.

ಸ್ಕಂದಗಿರಿ, ಮಾಕಳಿದುರ್ಗದಂಥ ಚಾರಣಗಳಿಗೆ ಅರಣ್ಯ ಇಲಾಖೆಯ ಅಂತರ್ಜಾಲ ತಾಣದಲ್ಲಿ ಮುಂಗಡ ಟಿಕೆಟ್ ಪಡೆಯಬೇಕು. ಉಳಿದ ಕಡೆಗೂ ಪ್ರವೇಶದ ನಿಯಮಗಳನ್ನು ಹೊರಡುವ ಮುನ್ನ ವಿಚಾರಿಸಿಕೊಳ್ಳಿ. ತಲೆಗೆ ಎರಡು ಲೀಟರ್ ನೀರು, ಟೋಪಿ, ಹಿಡಿತವಿರುವ ಷೂ, ಒಂದು ಸೀಟಿ ಜೊತೆಗಿರಲಿ. ಹೋಗುವ ದಾರಿ, ಮರಳುವ ಹೊತ್ತನ್ನು ಬರೆದು ಮನೆಯಲ್ಲಿ ಕೊಟ್ಟಿರಿ. ತುರ್ತಿಗೆ 112ಕ್ಕೆ ಕರೆ ಮಾಡಿ.

ಈ ರಜೆಗೆ ನಂದಿ, ಮುಂದಿನ ವರ್ಷ ಶಿವಗಂಗೆ, ಎಸ್ಸೆಸ್ಸೆಲ್ಸಿ ಮುಗಿದ ಮೇಲೆ ಗಾಳಿಕೆರೆ. ಹೀಗೆ ಒಂದೊಂದೇ ಹಂತ ಏರಿದ ಹುಡುಗ ಹುಡುಗಿಯರು ಒಂದು ದಿನ ಹಿಮಾಲಯದ ಸರೋವರವನ್ನೂ ಕಂಡಾರು, ಕ್ಷೇಮವಾಗಿ ಮನೆಗೂ ಬಂದಾರು. ಅಲ್ಲಿಯವರೆಗೆ ನಾಳೆ ಬೆಳಿಗ್ಗೆ ಆರು ಗಂಟೆಗೆ ಸಾರಕ್ಕಿ ಕೆರೆಯ ದಂಡೆಯಲ್ಲಿ ಒಂದು ಸುತ್ತು ಹಾಕಲು ಅಡ್ಡಿಯೇನು?