ಹೊಳೆ ದಾಟುತ್ತಾ ಕಾರವಾರಕ್ಕೆ

ಡಿಸೆಂಬರ್ ಕೊನೆಯ ವಾರದ ಒಂದು ಬೆಳಿಗ್ಗೆ. ಮಂಗಳೂರಿನ ಕೂಳೂರು ಸೇತುವೆಯ ಆಚೆ ಬದಿಯಲ್ಲಿ ಎರಡು ಸೈಕಲ್ಲುಗಳು ನಿಂತಿದ್ದವು. ಒಂದು ಇಪ್ಪತ್ತು ವರ್ಷ ಹಳೆಯ ಕಪ್ಪು ಅಟ್ಲಾಸ್. ಇನ್ನೊಂದು ಕಾಲೇಜು ಹುಡುಗನ ಸಾದಾ ಸೈಕಲ್. ಎರಡಕ್ಕೂ ಗೇರ್ ಇಲ್ಲ. ಕ್ಯಾರಿಯರ್‌ಗೆ ಹಳೆಯ ಟ್ಯೂಬಿನಿಂದ ಬಿಗಿದ ಚೀಲಗಳು, ಹಿಂದೆ ಮಿನುಗುವ ಕೆಂಪು ದೀಪ. ಅಪ್ಪನಿಗೆ ನಲವತ್ತೇಳು, ಮಗನಿಗೆ ಹದಿನಾರು. ಗುರಿ ಕಾರವಾರ. ಐದು ದಿನ, ಸುಮಾರು 290 ಕಿಲೋಮೀಟರ್.

ಅಪ್ಪ ಸಹಕಾರ ಸಂಘವೊಂದರ ಗುಮಾಸ್ತರು. ದಿನವಿಡೀ ಕುರ್ಚಿ, ಸಂಜೆ ಟಿ.ವಿ. ಸೆಪ್ಟೆಂಬರಿನಲ್ಲಿ ರಕ್ತಪರೀಕ್ಷೆ ಮಾಡಿಸಿದಾಗ ಖಾಲಿ ಹೊಟ್ಟೆಯ ಸಕ್ಕರೆ 118 ಬಂತು. ‘ಇದು ಗಡಿ. ಈಚೆಗೆ ಬರುವುದೋ ಆಚೆಗೆ ಹೋಗುವುದೋ ನಿಮ್ಮ ಕೈಯಲ್ಲಿದೆ. ಮೊದಲು ಮೈ ಬಗ್ಗಿಸಿ’ ಎಂದರು ವೈದ್ಯರು. ಮಗನ ಸ್ಥಿತಿಯೂ ಭಿನ್ನವಿರಲಿಲ್ಲ. ಕಾಲೇಜು, ಟ್ಯೂಷನ್, ಮೊಬೈಲು. ಎರಡು ಮಹಡಿ ಹತ್ತಿದರೆ ಏದುಸಿರು.

ಕಾರವಾರದ ಮಾತು ತೆಗೆದವನು ಮಗ. ಅಮ್ಮ ಒಪ್ಪಲಿಲ್ಲ. ‘ಅಲ್ಲ ಮಾರಾಯ್ರೆ, ಹುಡುಗ ಹೇಳಿದ ಅಂತ ನೀವೂ ಹೊರಟದ್ದಾ? ಆ ಹೈವೇಯಲ್ಲಿ ಲಾರಿಯವರ ಕಣ್ಣಿಗೆ ನೀವು ಕಾಣುವುದುಂಟಾ?’ ಎಂಬ ಅವರ ಪ್ರಶ್ನೆಯಲ್ಲಿ ಹುರುಳಿತ್ತು. ಕೊನೆಗೆ ಮೂರು ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು: ತಲೆಗೆ ಹೆಲ್ಮೆಟ್, ಕತ್ತಲಾದ ಮೇಲೆ ಸವಾರಿ ಇಲ್ಲ, ಪ್ರತಿ ಊರಿನಿಂದಲೂ ಫೋನು.

ಹನ್ನೆರಡು ವಾರಗಳ ಪಾಠ

ಪ್ರವಾಸ ಮಾಡಿದರೆ ಮೈ ಗಟ್ಟಿಯಾಗುತ್ತದೆ ಎಂದು ನಾವೆಲ್ಲ ತಿಳಿಯುತ್ತೇವೆ. ವಾಸ್ತವದಲ್ಲಿ ಐದು ದಿನಗಳಲ್ಲಿ ಮೈ ಗಟ್ಟಿಯಾಗುವುದಿಲ್ಲ, ದಣಿಯುತ್ತದೆ ಅಷ್ಟೆ. ಗಟ್ಟಿಯಾಗುವುದು ಪ್ರವಾಸಕ್ಕೆ ಮುಂಚಿನ ತಯಾರಿಯಲ್ಲಿ. ಐದು ದಿನಗಳದ್ದು ಪರೀಕ್ಷೆ; ಪಾಠ ಅದಕ್ಕೂ ಮೊದಲೇ ಮುಗಿದಿರಬೇಕು.

ಅಕ್ಟೋಬರಿನಲ್ಲಿ ಮಳೆ ಬಿಡುತ್ತಿದ್ದಂತೆ ಅಪ್ಪ ಮಗ ಬೆಳಗಿನ ಸವಾರಿ ಆರಂಭಿಸಿದರು. ಮೊದಲ ವಾರ ದಿನಕ್ಕೆ ಐದು ಕಿಲೋಮೀಟರ್. ಕದ್ರಿಯ ಏರಿನಲ್ಲಿ ಅಪ್ಪ ಇಳಿದು ತಳ್ಳಿದರು. ವಾರವಾರವೂ ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ಡಿಸೆಂಬರ್ ನಡುವಿನ ಹೊತ್ತಿಗೆ ಭಾನುವಾರಗಳಲ್ಲಿ 40 ಕಿಲೋಮೀಟರ್ ಮುಟ್ಟಿದರು. ಹಾಸಿಗೆ ಬಿಟ್ಟೇಳುವ ಮೊದಲು ನಾಡಿಬಡಿತ ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯುವುದು ಮಗನ ಕೆಲಸ. ಅಪ್ಪನ ನಾಡಿ ಮೊದಲ ವಾರ ನಿಮಿಷಕ್ಕೆ 84 ಇತ್ತು, ಹನ್ನೆರಡನೆಯ ವಾರ 73ಕ್ಕೆ ಇಳಿದಿತ್ತು.

ಇದರ ಕಾರಣ ಸರಳ. ಹೃದಯವೂ ಒಂದು ಸ್ನಾಯು. ನಿತ್ಯದ ಕೆಲಸದಿಂದ ಬಲಗೊಂಡ ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತವನ್ನು ತಳ್ಳುತ್ತದೆ. ಆದ್ದರಿಂದ ವಿಶ್ರಾಂತಿಯಲ್ಲಿ ಕಡಿಮೆ ಬಡಿತ ಸಾಕಾಗುತ್ತದೆ. ಕಾಲಿನ ಸ್ನಾಯುಗಳು ದುಡಿಯುವಾಗ ರಕ್ತದ ಸಕ್ಕರೆಯನ್ನು ಇನ್ಸುಲಿನ್ನಿನ ಹಂಗಿಲ್ಲದೆಯೂ ಹೀರಿಕೊಳ್ಳಬಲ್ಲವು. ಗಡಿಯಲ್ಲಿರುವವರಿಗೆ ವೈದ್ಯರು ನಡಿಗೆ, ಸೈಕಲ್ ಹೇಳುವುದು ಇದಕ್ಕೇ. ಆದರೆ ಈಗಾಗಲೇ ಸಕ್ಕರೆಗೆ ಔಷಧಿ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ದೂರದ ಸವಾರಿಗೆ ಇಳಿಯಬಾರದು. ಸಕ್ಕರೆ ಹಠಾತ್ತನೆ ಕುಸಿಯುವ ಅಪಾಯವಿದೆ.

ಹೊಳೆಗಳೇ ಮೈಲುಗಲ್ಲು

ಕರಾವಳಿಯ ಈ ದಾರಿಗೆ ಹೊಳೆಗಳೇ ಮೈಲುಗಲ್ಲು. ಕೂಳೂರಿನಲ್ಲಿ ಗುರುಪುರ ನದಿ, ಮೂಲ್ಕಿಯಲ್ಲಿ ಶಾಂಭವಿ, ಮುಂದೆ ಉದ್ಯಾವರದ ಹೊಳೆ. ಪ್ರತಿ ಸೇತುವೆಯ ಮೇಲೂ ಎಡಕ್ಕೆ ಅಳಿವೆಯ ಬೆಳಕು, ಬಲಕ್ಕೆ ತೆಂಗಿನ ತೋಟ. ಬಸ್ಸಿನಲ್ಲಿ ಹೋದರೆ ಇವೆಲ್ಲ ಕ್ಷಣದಲ್ಲಿ ಮಾಯ. ಸೈಕಲ್ಲಿನಲ್ಲಿ ಹೋಗುವವನಿಗೆ ಬಲೆ ಬೀಸುವವನ ಮುಖವೂ ಕಾಣುತ್ತದೆ.

ಮೊದಲ ದಿನ ಸುಮಾರು 58 ಕಿಲೋಮೀಟರ್ ತುಳಿದು ಉಡುಪಿ ಸೇರಿದರು. ಕೃಷ್ಣಮಠದಲ್ಲಿ ಮಧ್ಯಾಹ್ನದ ಊಟ, ರಾತ್ರಿ ಚಿಕ್ಕಮ್ಮನ ಮನೆ. ಹೆದ್ದಾರಿಯಲ್ಲಿ ಇಬ್ಬರೂ ಎಡಬದಿಯ ಅಂಚು ಬಿಡದೆ ಒಬ್ಬರ ಹಿಂದೆ ಒಬ್ಬರು ಸಾಗಿದರು. ಸರ್ವಿಸ್ ರಸ್ತೆ ಸಿಕ್ಕಲ್ಲೆಲ್ಲ ಅದನ್ನೇ ಹಿಡಿದರು.

ಎರಡನೆಯ ದಿನ ಬೈಂದೂರಿನವರೆಗೆ 70 ಕಿಲೋಮೀಟರ್. ಕಲ್ಯಾಣಪುರದಲ್ಲಿ ಸ್ವರ್ಣಾ, ಮಾಬುಕಳದಲ್ಲಿ ಸೀತಾ. ಅಲ್ಲಿಂದ ಮುಂದೆ ಕೋಟ. 1902ರಲ್ಲಿ ಶಿವರಾಮ ಕಾರಂತರು ಹುಟ್ಟಿದ ಊರು. ಕುಂದಾಪುರ ದಾಟಿ ಮರವಂತೆಗೆ ಬಂದಾಗ ಹುಡುಗ ಸೈಕಲ್ ನಿಲ್ಲಿಸಿಯೇಬಿಟ್ಟ. ಒಂದು ಬದಿಗೆ ಅರಬ್ಬೀ ಸಮುದ್ರ, ಇನ್ನೊಂದು ಬದಿಗೆ ಸೌಪರ್ಣಿಕಾ, ನಡುವೆ ರಸ್ತೆ. ನೋಡುತ್ತಾ ಕುಳಿತವರಿಗೆ ಗಂಟೆ ಹನ್ನೊಂದೂವರೆಯಾದದ್ದು ತಿಳಿಯಲಿಲ್ಲ.

ಎಡವಿದ್ದು ಅಲ್ಲಿಯೇ. ಕರಾವಳಿಯಲ್ಲಿ ರಾತ್ರಿ ನೆಲ ಬೇಗ ತಣಿಯುವುದರಿಂದ ಬೆಳಗಿನ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ಬಿಸಿಲೇರಿ ನೆಲ ಕಾದ ಮೇಲೆ ಗಾಳಿ ತಿರುಗಿ ಕಡಲಿನಿಂದ ಬರುತ್ತದೆ. ಚಳಿಗಾಲದ ಮಧ್ಯಾಹ್ನ ಅದು ಹೆಚ್ಚಾಗಿ ವಾಯವ್ಯದಿಂದ, ಉತ್ತರಕ್ಕೆ ಹೊರಟವರ ಮುಖಕ್ಕೇ ಹೊಡೆಯುತ್ತದೆ. ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ತೊಟ್ಟಿಕ್ಕುತ್ತದೆ. ಮೈ ತಣಿಯಬೇಕಾದರೆ ಬೆವರು ಆವಿಯಾಗಬೇಕು. ಸುಮ್ಮನೆ ಸುರಿದರೆ ನೀರೂ ಹೋಯಿತು, ಉಪ್ಪೂ ಹೋಯಿತು, ತಂಪು ಮಾತ್ರ ಸಿಗಲಿಲ್ಲ.

ಏಳೆಂಟು ಕಿಲೋಮೀಟರ್ ಹೋಗುವಷ್ಟರಲ್ಲಿ ಅಪ್ಪನ ಮೀನಖಂಡ ಹಿಡಿದುಕೊಂಡಿತು. ಸೈಕಲ್ ಒರಗಿಸಿ ರಸ್ತೆಬದಿ ಕುಳಿತರು. ಮಗ ಮುಂದೆ ಹೋದವನು ತಿರುಗಿ ಬಂದು, ಕಾಲು ನೀಡಿಸಿ ಪಾದವನ್ನು ಮೆಲ್ಲಗೆ ಹಿಂದಕ್ಕೆ ಒತ್ತಿದ. ‘ಅಪ್ಪ, ಬಸ್ಸಿಗೆ ಹಾಕಿ ವಾಪಸು ಹೋಗುವನಾ?’ ಎಂದ. ಅಪ್ಪ ತಕ್ಷಣ ಉತ್ತರಿಸಲಿಲ್ಲ. ಬೇಡ ಎನ್ನಲು ಧೈರ್ಯವಿರಲಿಲ್ಲ, ಹೂಂ ಎನ್ನಲು ಮನಸ್ಸಿರಲಿಲ್ಲ.

ಹತ್ತಿರದ ಸಣ್ಣ ಹೋಟೆಲಿನ ಹೆಂಗಸು ಇವರ ಅವಸ್ಥೆ ನೋಡಿ ಗಂಜಿ ಬಡಿಸಿದರು. ಜತೆಗೆ ಉಪ್ಪಿನಕಾಯಿ. ‘ಬರೀ ನೀರ್ ಕುಡ್ದ್ರೆ ಆತಿಲ್ಲೆ ಮಾರಾಯ್ರೆ, ಉಪ್ಪ್ ಹಾಕಿ ಗಂಜಿ ಉಣ್ಣಿ’ ಎಂದರು. ದಣಿದ ಸ್ನಾಯುವಿಗೆ ವಿಶ್ರಾಂತಿ, ಬೆವರಿನೊಂದಿಗೆ ಹೋದ ನೀರು-ಉಪ್ಪಿಗೆ ಬದಲಿ, ಖರ್ಚಾದ ಶಕ್ತಿಗೆ ಅಕ್ಕಿ: ಮೂರೂ ಆ ಒಂದು ಬಟ್ಟಲಿನಿಂದ ದೊರೆತವು. ಬಿಸಿಲಿಳಿದ ಮೇಲೆ ಮೆಲ್ಲನೆ ತುಳಿದು, ಕತ್ತಲಾಗುವ ಮುನ್ನ ಬೈಂದೂರು ಸೇರಿದರು. ಅಂದಿನಿಂದ ನಿಯಮ ಬದಲಾಯಿತು. ಬೆಳಕು ಹರಿಯುತ್ತಲೇ ಹೊರಡುವುದು, ಹನ್ನೊಂದಕ್ಕೆ ದಿನದ ಹೆಚ್ಚಿನ ಪಾಲು ಮುಗಿಸುವುದು. ಚೀಲದಲ್ಲಿ ಅವಲಕ್ಕಿ, ಬೆಲ್ಲ, ಬಾಳೆಹಣ್ಣು. ಬಾಟಲಿಯ ನೀರಿಗೆ ಚಿಟಿಕೆ ಉಪ್ಪು, ಸಕ್ಕರೆ, ನಿಂಬೆರಸ.

ಉಪ್ಪಿನ ಸೀಮೆ

ಮೂರನೆಯ ದಿನ ಭಟ್ಕಳದ ಮೇಲೆ, ಶರಾವತಿಯ ಉದ್ದನೆಯ ಸೇತುವೆ ದಾಟಿ ಹೊನ್ನಾವರ. ನಾಲ್ಕನೆಯ ದಿನ ಕುಮಟಾ. ಅಲ್ಲಿ ಹೆದ್ದಾರಿ ಬಿಟ್ಟು ಅಘನಾಶಿನಿ ಊರಿನತ್ತ ತಿರುಗಿ, ದೋಣಿಗೆ ಸೈಕಲ್ ಏರಿಸಿದರು. ಆಚೆ ದಡ ತದಡಿ. ‘ಏ ತಮಾ, ಮಂಗ್ಳೂರಿಂದ ಇದ್ರಲ್ಲೇ ಬಂದ್ಯಾ?’ ಎಂದು ದೋಣಿಯವನು ಹುಬ್ಬೇರಿಸಿದಾಗ ಹುಡುಗನಿಗೆ ನಾಚಿಕೆ, ಅಪ್ಪನಿಗೆ ಹೆಮ್ಮೆ.

ಗೋಕರ್ಣ ಸೇರುವ ಮುನ್ನ ಸಾಣಿಕಟ್ಟಾದ ಉಪ್ಪಿನ ಗದ್ದೆಗಳನ್ನು ನೋಡಿ ಬಂದರು. ಅಳಿವೆಯ ನೀರನ್ನು ಪಾತಿಗಳಿಗೆ ಹಾಯಿಸಿ, ಬಿಸಿಲಿಗೆ ಆವಿಯಾಗಲು ಬಿಟ್ಟು, ಉಳಿದ ಹರಳನ್ನು ಬಳಿದೆತ್ತುವುದು ಇಲ್ಲಿನ ಹಳೆಯ ಕಸುಬು. ಹುಡುಗ ತನ್ನ ಅಂಗಿಯ ಬೆನ್ನನ್ನು ಅಪ್ಪನಿಗೆ ತೋರಿಸಿದ. ಆರಿದ ಬೆವರಿನ ಬಿಳಿ ಗೆರೆಗಳು. ಗದ್ದೆಯಲ್ಲಿ ನಡೆಯುವುದೇ ಬೆನ್ನ ಮೇಲೂ ನಡೆದಿತ್ತು. ಪುಸ್ತಕದಲ್ಲಿ ಎರಡು ಸಾಲಿನಲ್ಲಿ ಮುಗಿದಿದ್ದ ಪಾಠ ಅಂದು ಅವನಿಗೆ ಅರ್ಥವಾಯಿತು.

ಐದನೆಯ ದಿನ ಅಂಕೋಲಾ ದಾರಿ. ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಇಬ್ಬರೂ ಇಳಿದು ಮೌನವಾಗಿ ನಿಂತರು. 2024ರ ಜುಲೈ 16ರಂದು ಇಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರು, ಚಹಾ ಅಂಗಡಿಯಲ್ಲಿದ್ದವರು ಮಣ್ಣುಪಾಲಾದರು. ಲಾರಿಯೊಂದು ಗಂಗಾವಳಿಯ ಪಾಲಾಯಿತು. ಮಳೆಗಾಲದಲ್ಲಿ ಈ ದಾರಿ ಸೈಕಲ್ ಪ್ರವಾಸಕ್ಕೆ ತಕ್ಕುದಲ್ಲ ಎಂಬ ಅಮ್ಮನ ಮಾತು ಎಷ್ಟು ನಿಜ ಎಂಬುದು ಇಲ್ಲಿ ಮನವರಿಕೆಯಾಗುತ್ತದೆ.

ಅಂಕೋಲೆಯಲ್ಲಿ ಮತ್ತೆ ಉಪ್ಪಿನ ಕಥೆ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಇಲ್ಲಿನ ಜನ ಉಪ್ಪಿನ ಕಾಯಿದೆ ಮುರಿದರು. ದುಡಿಯುವ ದೇಹಕ್ಕೆ ಉಪ್ಪು ಎಷ್ಟು ಅಗತ್ಯ ಎಂಬುದನ್ನು ಮೂರು ದಿನಗಳ ಹಿಂದಷ್ಟೇ ಕಲಿತಿದ್ದ ಹುಡುಗನಿಗೆ, ಉಪ್ಪಿನ ಮೇಲಿನ ಕರ ಬಡವರನ್ನು ಏಕೆ ಕೆರಳಿಸಿತು ಎಂದು ಯಾರೂ ವಿವರಿಸಬೇಕಾಗಲಿಲ್ಲ.

ಕಾರವಾರಕ್ಕೆ ಮುಂಚಿನ ಬಿಣಗಾ ಏರಿನಲ್ಲಿ ಇಬ್ಬರೂ ಇಳಿದು ತಳ್ಳಿದರು. ತಳ್ಳುವುದು ಸೋಲಲ್ಲ; ಗೇರಿಲ್ಲದ ಸೈಕಲ್ಲಿನಲ್ಲಿ ಮಂಡಿಯನ್ನು ಉಳಿಸುವ ಉಪಾಯ. ಸಂಜೆ ಕಡಲತೀರದಲ್ಲಿ ಸೈಕಲ್ ಒರಗಿಸಿ ಕುಳಿತಾಗ ಸೂರ್ಯ ಮುಳುಗುತ್ತಿದ್ದ. 1883ರಲ್ಲಿ ತರುಣ ರವೀಂದ್ರನಾಥ ಠಾಕೂರರು, ಇಲ್ಲಿ ನ್ಯಾಯಾಧೀಶರಾಗಿದ್ದ ಅಣ್ಣನೊಂದಿಗೆ ಕಳೆದ ದಿನಗಳ ನೆನಪಿಗೆ ಈ ತೀರಕ್ಕೆ ಅವರದೇ ಹೆಸರು.

ಖರ್ಚಿನ ಲೆಕ್ಕ

ಗುಮಾಸ್ತರ ಕಿರುಪುಸ್ತಕದಲ್ಲಿ ಇಬ್ಬರ ಖರ್ಚು ಹೀಗಿದೆ: ಹೊರಡುವ ಮೊದಲು ಬೇರಿಂಗ್, ಬ್ರೇಕ್ ಕಟ್ಟೆ, ಹೊಸ ಟ್ಯೂಬು, ಪಂಚರ್ ಸಾಮಾನು 900 ರೂಪಾಯಿ, ಮೂರು ರಾತ್ರಿಯ ಸಾದಾ ಲಾಡ್ಜು 2,200, ಐದು ದಿನದ ಊಟ ತಿಂಡಿ 2,500, ದೋಣಿ 50, ವಾಪಸು ರೈಲು ಟಿಕೆಟ್ಟು, ಸೈಕಲ್ ಸಾಗಣೆ 500. ಒಟ್ಟು 6,150. ದುಬಾರಿ ಸೈಕಲ್ಲಾಗಲಿ ವಿಶೇಷ ಉಡುಪಾಗಲಿ ಇಲ್ಲ. ಪಂಚರ್ ಮೂರು ಬಾರಿ. ಮೊದಲನೆಯದಕ್ಕೆ ಒಂದು ಗಂಟೆ, ಕೊನೆಯದಕ್ಕೆ ಇಪ್ಪತ್ತು ನಿಮಿಷ.

ಮರುದಿನದ ರೈಲು ಹೊಳೆಗಳನ್ನೆಲ್ಲ ಮತ್ತೆ ದಾಟಿತು. ಐದು ದಿನದ ದಾರಿ ಐದಾರು ಗಂಟೆಯಲ್ಲಿ ಮುಗಿಯಿತು. ಹುಡುಗ ನಿದ್ದೆಹೋಗಿದ್ದ, ಅಪ್ಪ ಕಿಟಕಿಯಲ್ಲಿ ಸೇತುವೆಗಳನ್ನು ಎಣಿಸುತ್ತಿದ್ದರು.

ಜನವರಿಯ ರಕ್ತಪರೀಕ್ಷೆಯಲ್ಲಿ 104 ಬಂತು. ವೈದ್ಯರು ‘ಗಡಿಯ ಈಚೆಗೆ ಬರುತ್ತಿದ್ದೀರಿ, ನಿಲ್ಲಿಸಬೇಡಿ’ ಎಂದರು. ನಿಲ್ಲಿಸಿದರೆ ಹೃದಯವೂ ಸ್ನಾಯುವೂ ಕೆಲವೇ ವಾರಗಳಲ್ಲಿ ಕಲಿತದ್ದನ್ನು ಮರೆಯತೊಡಗುತ್ತವೆ. ಬೆಳೆಯುವ ಮಕ್ಕಳಿಗೆ ದಿನಕ್ಕೆ ಸರಾಸರಿ ಒಂದು ಗಂಟೆ, ದೊಡ್ಡವರಿಗೆ ವಾರಕ್ಕೆ ಕನಿಷ್ಠ 150 ನಿಮಿಷ ಮೈ ದುಡಿಯಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಕಚೇರಿಗೂ ಕಾಲೇಜಿಗೂ ಸೈಕಲ್ಲಿನಲ್ಲಿ ಹೋಗಿಬಂದರೆ ಅದರ ಬಹುಪಾಲು ಅಲ್ಲೇ ಮುಗಿಯುತ್ತದೆ.

ಗೋಡೆಯ ಮೇಲೀಗ ಹೊಸ ಕ್ಯಾಲೆಂಡರ್. ಅದರಲ್ಲಿ ದಿನಕ್ಕೆ ಮೂರು ನಾಡಿಬಡಿತಗಳು. ಮೂರನೆಯದು ಅಮ್ಮನದು. ಮನೆಯ ಹಿಂದಿನ ರಸ್ತೆಯಲ್ಲಿ ಅವರು ಮಗನ ಸೈಕಲ್ ಹಿಡಿದು ಎರಡು ಸುತ್ತು ತುಳಿಯುತ್ತಾರೆ. ‘ಕಾರವಾರಕ್ಕೆಲ್ಲ ನಾನು ಬರುವುದಿಲ್ಲ’ ಎನ್ನುತ್ತಾರೆ. ‘ಮೂಲ್ಕಿಯವರೆಗೆ ಬೇಕಾದರೆ ನೋಡುವ.’