ದೀಪಿಕಾ ಕೇಳಿದ ರಸ್ತೆ

2025ರ ನವೆಂಬರ್ 24, ಸೋಮವಾರ. ಹಿಂದಿನ ದಿನ ಕೊಲಂಬೊದ ಪಿ. ಸರಾ ಓವಲ್ ಮೈದಾನದಲ್ಲಿ ಭಾರತದ ಅಂಧ ಮಹಿಳೆಯರ ತಂಡವು ನೇಪಾಳವನ್ನು ಏಳು ವಿಕೆಟ್‌ಗಳಿಂದ ಸೋಲಿಸಿ, ಮೊಟ್ಟಮೊದಲ ಅಂಧ ಮಹಿಳಾ ಟಿ-20 ವಿಶ್ವಕಪ್ಪನ್ನು ಗೆದ್ದಿತ್ತು. ಪೆಂಡುರ್ತಿಯ ಮನೆಯಲ್ಲಿ ಬೆಳಗಿನ ಕಾಫಿಯೊಂದಿಗೆ ಆ ಸುದ್ದಿಯನ್ನು ಓದಿ ಕಚೇರಿಗೆ ಹೋದ ನಾವು, ಚಹಾದ ವೇಳೆಯಲ್ಲಿ, "ನಾಯಕಿ ದೀಪಿಕಾ ನಮ್ಮವಳು, ಕನ್ನಡತಿ" ಎಂದು ಹೆಮ್ಮೆಯಿಂದ ನುಡಿದೆವು. ತೆಲುಗು ಮಿತ್ರರೊಬ್ಬರು ಪತ್ರಿಕೆಯನ್ನು ಮಡಿಸುತ್ತ, "ಅದು ಹೇಗೆ ಸಾರ್? ಊರು ಮಡಕಶಿರದ ಕಡೆಯದು. ನಮ್ಮ ಆಂಧ್ರದ ಹುಡುಗಿ" ಎಂದರು.

ಇಬ್ಬರ ಮಾತೂ ಸುಳ್ಳಲ್ಲ. ದೀಪಿಕಾಳ ಊರು ಹೇಮಾವತಿಯ ಸಮೀಪದ ತಂಬಲಹಟ್ಟಿ. ಹೇಮಾವತಿಯೆಂದರೆ ಶಾಸನಗಳ ಹೆಂಜೇರು, ನೊಳಂಬರ ರಾಜಧಾನಿ. ಊರ ಹೆಸರಿನಲ್ಲಿಯೇ ಹಟ್ಟಿ ಉಂಟು. ಸುತ್ತಿನ ಅನೇಕ ಮನೆಗಳ ಮಾತು ಇಂದಿಗೂ ಕನ್ನಡ. ಆದರೆ ಜಿಲ್ಲೆ ಆಂಧ್ರದ ಶ್ರೀ ಸತ್ಯಸಾಯಿ. ತಂಡದ ಪಟ್ಟಿಯಲ್ಲಿ ಮಾತ್ರ ಆಕೆ ಕರ್ನಾಟಕದ ಆಟಗಾರ್ತಿ. ಹೊರನಾಡಿನಲ್ಲಿ ಇಷ್ಟು ವರ್ಷ ಬಾಳಿದ ನಮಗೆ ಇಂಥ ಗಡಿಯ ಲೆಕ್ಕಗಳಲ್ಲಿ ಸೋಲುವ ಅಭ್ಯಾಸವಿಲ್ಲ. ನೊಳಂಬರನ್ನು ಎಳೆದು ತಂದೆವು. ಮಿತ್ರರು 1953ರ ಆಂಧ್ರ ರಾಜ್ಯವನ್ನು ತಂದರು. ವಾದ ಬಿಸಿಯೇರಿತು, ಚಹಾ ಆರಿತು.

ಆಗ ಕೋಣೆಯ ಮೂಲೆಯಿಂದ ಒಂದು ದನಿ ಕೇಳಿಸಿತು: "ಇಬ್ಬರಲ್ಲಿ ಯಾರು ಪಂದ್ಯ ನೋಡಿದಿರಿ ಸಾರ್?"

ಕೇಳಿದವರು ನಮ್ಮ ವಿಭಾಗದ ಕಿರಿಯ ಸಹೋದ್ಯೋಗಿ. ಶ್ರೀಕಾಕುಳಂ ಕಡೆಯವರು, ಹುಟ್ಟಿನಿಂದ ದೃಷ್ಟಿಯಿಲ್ಲದವರು. ನಾವಿಬ್ಬರೂ ಒಂದು ಚೆಂಡನ್ನೂ ನೋಡಿರಲಿಲ್ಲ. ಅವರು ಫೋನನ್ನು ಕಿವಿಗಿಟ್ಟುಕೊಂಡು ಕೊನೆಯ ರನ್ನಿನವರೆಗೂ ಕೇಳಿದ್ದರು.

ಆ ಮಧ್ಯಾಹ್ನ ಅವರಿಂದ ನಮಗೊಂದು ಪಾಠವಾಯಿತು. ಬಿಳಿಯ ಪ್ಲಾಸ್ಟಿಕ್ ಚೆಂಡಿನೊಳಗೆ ಲೋಹದ ಸಣ್ಣ ಗುಂಡುಗಳಿರುತ್ತವೆ. ಅದು ಗಲಗಲ ಸದ್ದು ಮಾಡುತ್ತ ಬರುತ್ತದೆ. ಬೌಲರ್ ಕೈಯನ್ನು ಕೆಳಗಿನಿಂದ ಬೀಸಿ ನೆಲಕ್ಕೆ ಹತ್ತಿರವಾಗಿ ಚೆಂಡನ್ನು ಬಿಡಬೇಕು. ಬಿಡುವ ಮೊದಲು "ರೆಡಿ?" ಎಂದು ಕೇಳಬೇಕು, ಬ್ಯಾಟು ಹಿಡಿದವರು "ಎಸ್" ಎಂದ ಮೇಲೆ "ಪ್ಲೇ" ಎಂದು ಕೂಗಿ ಎಸೆಯಬೇಕು. ಹನ್ನೊಂದು ಮಂದಿಯಲ್ಲಿ ಕನಿಷ್ಠ ನಾಲ್ವರು ಬಿ-1, ಅಂದರೆ ಪೂರ್ಣ ಅಂಧರ ವರ್ಗದವರು. ಉಳಿದವರು ಅಲ್ಪಸ್ವಲ್ಪ ಕಾಣುವವರು. ಬಿ-1 ವರ್ಗದವರು ಬ್ಯಾಟಿನಿಂದ ಗಳಿಸಿದ ಪ್ರತಿ ರನ್ನೂ ಎರಡಾಗಿ ಲೆಕ್ಕಕ್ಕೆ ಸೇರುತ್ತದೆ.

"ಇದು ಒಂದು ಬಗೆಯ ರಿಯಾಯಿತಿಯಲ್ಲವೇ?" ಎಂದೆವು.

"ರಿಯಾಯಿತಿಯಲ್ಲ ಸಾರ್. ಲೆಕ್ಕವನ್ನು ಸರಿಪಡಿಸುವುದು" ಎಂದರು.

ಅಂತಿಮ ಪಂದ್ಯದಲ್ಲಿ 42 ರನ್ ಗಳಿಸಿದ ಕರುಣಾ ಕುಮಾರಿ ಆ ವರ್ಗದ ಆಟಗಾರ್ತಿ. ಅಲ್ಲೂರಿ ಸೀತಾರಾಮರಾಜು ಜಿಲ್ಲೆಯ ಗಿರಿಜನ ಕುಟುಂಬದ ಹುಡುಗಿ. ಓದಿದ್ದು ನಮ್ಮ ವಿಶಾಖಪಟ್ಟಣದಲ್ಲಿ, ದೃಷ್ಟಿಯಿಲ್ಲದ ಮಕ್ಕಳ ಶಾಲೆಯಲ್ಲಿ. ಒಂಬತ್ತು ರಾಜ್ಯಗಳ ಹದಿನಾರು ಮಂದಿಯ ತಂಡದಲ್ಲಿ ನಮ್ಮ ನಗರದ ವಿದ್ಯಾರ್ಥಿನಿಯೊಬ್ಬಳಿದ್ದಳೆಂಬುದೇ ನಮಗೆ ತಿಳಿದಿರಲಿಲ್ಲ. ನೊಳಂಬರ ವಿಷಯ ತಿಳಿದಿತ್ತು.

ಕ್ರಿಕೆಟ್ ನಮಗೆ ದೂರದ ಆಟವೇನೂ ಅಲ್ಲ. ಅಕ್ಟೋಬರ್ 12ರಂದು ಇಲ್ಲಿಯ ಕ್ರೀಡಾಂಗಣದಲ್ಲಿಯೇ ಮಹಿಳಾ ವಿಶ್ವಕಪ್ಪಿನ ಪಂದ್ಯ ನಡೆದಾಗ ಪೆಂಡುರ್ತಿಯಿಂದ ಮಧುರವಾಡದವರೆಗೆ ಮಕ್ಕಳನ್ನು ಕಟ್ಟಿಕೊಂಡು ಹೋಗಿದ್ದೆವು. ಭಾರತ 330 ರನ್ ಗಳಿಸಿತು. ಆಸ್ಟ್ರೇಲಿಯ ಅದನ್ನೂ ದಾಟಿತು. ಸೋತರೂ ಗಂಟಲು ಕಟ್ಟುವಷ್ಟು ಕೂಗಿ ಬಂದಿದ್ದೆವು. ಅಂಧರ ಪಂದ್ಯದಲ್ಲಿ ಪ್ರೇಕ್ಷಕನ ಧರ್ಮ ಬೇರೆ. ಚೆಂಡು ಉರುಳುತ್ತಿರುವಾಗ ಅವನು ಸುಮ್ಮನಿರಬೇಕು. ಅವನ ಗದ್ದಲ ಆಡುವವರ ಕಣ್ಣಿಗೆ ಕಟ್ಟಿದ ಬಟ್ಟೆಯಂತೆ. ಮೆಚ್ಚುಗೆಯೂ ಅಡ್ಡಿಯಾಗಬಲ್ಲದೆಂದು ನಮಗೆ ಅಂದು ಹೊಳೆಯಿತು.

ಇಲ್ಲೊಂದು ತಪ್ಪೊಪ್ಪಿಗೆ ಅಗತ್ಯ. ಈ ಸಹೋದ್ಯೋಗಿ ಮೀಸಲಾತಿಯ ಹುದ್ದೆಗೆ ಸ್ಪರ್ಧಾ ಪರೀಕ್ಷೆ ಬರೆದು, ತೇರ್ಗಡೆಯಾಗಿ ಬಂದವರು. ಅವರಿಗೆ ನಾವು ಕೊಟ್ಟ ಕೆಲಸವೆಂದರೆ ದೂರವಾಣಿ ಎತ್ತುವುದು. "ಪಾಪ, ತೊಂದರೆ ಕೊಡಬಾರದು" ಎಂಬುದು ನಮ್ಮ ದಾಕ್ಷಿಣ್ಯ. ಸೇರಿದ ಕೆಲವೇ ವಾರಗಳಲ್ಲಿ ಅವರೊಂದು ಅರ್ಜಿ ಕೊಟ್ಟಿದ್ದರು: ಪರದೆಯ ಮೇಲಿನ ಅಕ್ಷರಗಳನ್ನು ಓದಿ ಹೇಳುವ ಎನ್‌ವಿಡಿಎ ಎಂಬ ತಂತ್ರಾಂಶವನ್ನು ಕಂಪ್ಯೂಟರಿಗೆ ಹಾಕಿಸಿಕೊಡಬೇಕು. ಅದು ಉಚಿತವಾಗಿ ದೊರೆಯುವಂಥದು. ಬೇಕಾಗಿದ್ದುದು ಹಣವಲ್ಲ, ಅನುಮತಿ. ಕಡತ ನಮ್ಮ ಮೇಜಿಗೆ ಬಂದಾಗ "ಪರಿಶೀಲಿಸಬಹುದು" ಎಂದು ಬರೆದಿದ್ದೆವು. ಯಾರು, ಎಂದು, ಹೇಗೆ ಎಂಬುದನ್ನು ಬರೆದಿರಲಿಲ್ಲ. ಏಳು ತಿಂಗಳಾಗಿತ್ತು.

ಎಂ.ಎ. ತರಗತಿಯಲ್ಲಿ ಮಿಲ್ಟನ್ ಕಣ್ಣು ಕಳೆದುಕೊಂಡ ಮೇಲೆ ಬರೆದ ಸಾನೆಟ್ಟನ್ನು ಓದಿ, ಸಹನೆಯ ಹಿರಿಮೆಯ ಕುರಿತು ಪುಟಗಟ್ಟಲೆ ಉತ್ತರ ಬರೆದವರು ನಾವು. ಅನ್ಯರ ಸಹನೆಯನ್ನು ಕೊಂಡಾಡುವುದು, ಕಡತವನ್ನು ಹಿಡಿದಿಟ್ಟುಕೊಂಡವನಿಗೆ ಬಹಳ ಅನುಕೂಲ. ಸಹೋದ್ಯೋಗಿ ಸಹನಶೀಲರೆಂದು ನಾವು ನಾಲ್ಕು ಜನರೆದುರು ಹೊಗಳಿದ್ದೂ ಉಂಟು.

ಡಿಸೆಂಬರಿನಲ್ಲಿ ಇನ್ನೊಂದು ಸುದ್ದಿ ಬಂತು. ವಿಜಯವಾಡದ ನೆರೆಯ ಮಂಗಳಗಿರಿಯಲ್ಲಿ ಆಂಧ್ರದ ಉಪಮುಖ್ಯಮಂತ್ರಿ ಪವನ್ ಕಲ್ಯಾಣ್ ತಂಡವನ್ನು ಸನ್ಮಾನಿಸಿ, ಆಟಗಾರ್ತಿಯರಿಗೆ ತಲಾ ಐದು ಲಕ್ಷ ರೂಪಾಯಿ ಕೊಟ್ಟರು. ಆ ಸಂದರ್ಭದಲ್ಲಿ ದೀಪಿಕಾ ಮುಂದಿಟ್ಟ ಬೇಡಿಕೆ ತನ್ನ ಊರಿಗೊಂದು ರಸ್ತೆ. ಸರ್ಕಾರ ಅದಕ್ಕೆ ಮಂಜೂರಾತಿ ನೀಡಿತು.

ಪತ್ರಿಕೆಯನ್ನು ಹಿಡಿದು ಬಹಳ ಹೊತ್ತು ಕುಳಿತೆವು. ಆಕೆ ಯಾವ ರಾಜ್ಯದವಳೆಂದು ನಾವು ಕಾದಾಡಿದ್ದೆವು. ಆ ಊರಿಗೆ ನೆಟ್ಟಗೆ ಒಂದು ರಸ್ತೆಯಿದೆಯೇ ಎಂದು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ವಿಶ್ವಕಪ್ ಗೆದ್ದು ಬಂದವಳು ಕೇಳಿದ್ದು ನಡೆಯಲು ದಾರಿ. ನಡೆಯುವುದನ್ನು ಅವಳು ತಾನೇ ಬಲ್ಲಳು. ಏಳು ತಿಂಗಳ ಹಿಂದೆ ನಮ್ಮ ಮುಂದೆ ಬಂದಿದ್ದ ಅರ್ಜಿಯೂ ಅಂಥದೇ.

ಮರುದಿನವೇ ಕಡತ ತೆರೆದು, ಅಂಗವಿಕಲರ ಹಕ್ಕುಗಳ 2016ರ ಕಾಯಿದೆ ಸರ್ಕಾರಿ ಕಚೇರಿಗಳ ಮೇಲೆ ಹೊರಿಸಿರುವ ಹೊಣೆಯನ್ನು ನಮೂದಿಸಿ, "ಒಂದು ವಾರದೊಳಗೆ" ಎಂದು ಬರೆದು ಮೇಲಕ್ಕೆ ಕಳುಹಿಸಿದೆವು. ಒಂದು ವಾರ ಮೂರು ವಾರವಾಯಿತು. ಎರಡು ಸಲ ನಾವೇ ಮೆಟ್ಟಿಲು ಹತ್ತಿ ಹೋಗಿ ಕೇಳಬೇಕಾಯಿತು. ಇದನ್ನು ಸಾಹಸವೆಂದು ಹೇಳಿಕೊಳ್ಳುತ್ತಿಲ್ಲ. ಮೊದಲ ದಿನವೇ ಮಾಡಬಹುದಾಗಿದ್ದ ಕೆಲಸವದು.

ತಂತ್ರಾಂಶ ಹಾಕಿದ ದಿನ ಅವರ ಮೇಜಿನ ಬಳಿ ನಿಂತೆವು. ಅವರು ಒಂದು ಕಡತವನ್ನು ತೆರೆದರು. ಯಂತ್ರದ ದನಿ ಜಡಿಮಳೆಯಂತೆ ಸುರಿಯತೊಡಗಿತು. ಆ ವೇಗಕ್ಕೆ ಅವರು ತಲೆದೂಗುತ್ತ, ನಡುನಡುವೆ ನಿಲ್ಲಿಸಿ, ಟಿಪ್ಪಣಿಯೊಂದರಲ್ಲಿ ತಪ್ಪಾಗಿದ್ದ ದಿನಾಂಕವನ್ನು ತಿದ್ದಿದರು. ಟಿಪ್ಪಣಿ ನಮ್ಮದೇ. ನಮಗೆ ಒಂದು ಪದವೂ ತಿಳಿಯಲಿಲ್ಲ. ಅದು ಅವರಿಗೆ ಗೊತ್ತಾಯಿತೆಂದು ತೋರುತ್ತದೆ.

"ನಿಮಗಾಗಿ ಸ್ವಲ್ಪ ನಿಧಾನ ಮಾಡಲೇ ಸಾರ್?" ಎಂದರು.