ಬಾತುಬಾಲದ ಮುಚ್ಚಳ: ಒಂದು ಕಸುಬು ಬದಲಾದ ಬಗೆ

1963ರಲ್ಲಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ ಮೊದಲು ಕಾಣಿಸಿಕೊಂಡ ಪೋರ್ಷೆ 911 ಕಾರಿನಲ್ಲಿ ಎಂಜಿನ್ ಹಿಂಚಕ್ರಗಳಿಗಿಂತಲೂ ಹಿಂದಕ್ಕೆ ಕೂತಿರುವುದರಿಂದ, ಬೇರೆ ಕಾರುಗಳಲ್ಲಿ ಡಿಕ್ಕಿಯ ಬಾಗಿಲಿರುವ ಜಾಗದಲ್ಲಿ ಅದಕ್ಕೆ ಎಂಜಿನ್ನಿನ ಮುಚ್ಚಳವಿದೆ. ನೀರಿಲ್ಲದೆ ಗಾಳಿಯಿಂದಲೇ ತಣಿಯುವ ಆ ಎಂಜಿನ್ನಿಗೆ ಬೇಕಾದ ಉಸಿರೆಲ್ಲ ಈ ಮುಚ್ಚಳದ ಜಾಲರಿಯ ಮೂಲಕವೇ ಒಳಗೆ ಹೋಗಬೇಕು. ಚಾವಣಿಯಿಂದ ಬಂಪರಿನವರೆಗೆ ಒಂದೇ ಇಳಿಜಾರಾಗಿ ಸಾಗುವ ಬೆನ್ನು ಕಣ್ಣಿಗೆ ಎಷ್ಟು ಹಿತವೋ ವೇಗದಲ್ಲಿ ಅಷ್ಟೇ ತೊಂದರೆಯದು, ಏಕೆಂದರೆ ಆ ಇಳಿಜಾರಿನ ಮೇಲೆ ರಭಸದಿಂದ ಹರಿಯುವ ಗಾಳಿಯ ಒತ್ತಡ ಕುಗ್ಗಿ ಕಾರಿನ ಹಿಂಭಾಗ ಮೇಲಕ್ಕೆ ಎಳೆಯಲ್ಪಡುತ್ತದೆ, ತಿರುವಿನಲ್ಲಿ ಹಿಂಚಕ್ರಗಳ ಹಿಡಿತ ಸಡಿಲಗೊಳ್ಳುತ್ತದೆ.

ಇದಕ್ಕೆ ಪೋರ್ಷೆಯ ಎಂಜಿನಿಯರುಗಳಾದ ಹರ್ಮನ್ ಬುರ್ಸ್ಟ್ ಮತ್ತು ಟಿಲ್‌ಮನ್ ಬ್ರೊಡ್‌ಬೆಕ್ ಮೊದಲಾದವರು ಕಂಡುಕೊಂಡ ಪರಿಹಾರವೇ, ಮುಚ್ಚಳದ ಹಿಂದಂಚನ್ನು ಬಾತುಕೋಳಿಯ ಬಾಲದಂತೆ ಮೇಲಕ್ಕೆತ್ತಿದ ಸ್ಪಾಯ್ಲರ್, ಅಂದರೆ ಗಾಳಿಯ ಹರಿವನ್ನು ಮುರಿದು ಹಿಂಭಾಗದ ಮೇಲೆಳೆತವನ್ನು ತಗ್ಗಿಸುವ ಏಣು. 1972ರ ಅಕ್ಟೋಬರಿನಲ್ಲಿ ಪ್ಯಾರಿಸ್ ಪ್ರದರ್ಶನದಲ್ಲಿ ಅನಾವರಣಗೊಂಡ ಕರೇರಾ ಆರ್‌ಎಸ್ 2.7 ಕಾರು ಈ ಬಾಲವನ್ನು ಹೊತ್ತು ಬಂದಿತು. ಸ್ಪರ್ಧೆಯ ನಿಯಮಕ್ಕೆ 500 ಕಾರುಗಳು ಸಾಕಾಗಿದ್ದವು, ತಯಾರಾದದ್ದು 1,580. ಕಾರಿಗೆ ತಗಡಿನ ದೇಹವಿದ್ದರೂ ಈ ಮುಚ್ಚಳವನ್ನು ಫೈಬರ್‌ಗ್ಲಾಸಿನಿಂದ, ಅಂದರೆ ಗಾಜಿನ ಎಳೆಗಳ ಚಾಪೆಗೆ ರೆಸಿನ್ ಎಂಬ ರಾಳವನ್ನು ಉಣಿಸಿ ಗಟ್ಟಿಯಾಗಿಸಿದ ಹಗುರ ವಸ್ತುವಿನಿಂದ ಮಾಡಲಾಗಿತ್ತು.

ಸಾಧಾರಣ 911 ಇಟ್ಟುಕೊಂಡವರಿಗೂ ಆ ಬಾಲದ ಆಸೆ ಹುಟ್ಟಿದ್ದು ಸಹಜ. 1970 ಮತ್ತು 80ರ ದಶಕಗಳಲ್ಲಿ ಜರ್ಮನಿ, ಇಂಗ್ಲೆಂಡ್, ಕ್ಯಾಲಿಫೋರ್ನಿಯಾಗಳ ಸಣ್ಣ ಕಾರ್ಯಾಗಾರಗಳು ಅದನ್ನು ತಾವೇ ಅಚ್ಚಿನಲ್ಲಿ ತಯಾರಿಸತೊಡಗಿದವು. ಆ ಕಾಲದ ಕಾರ್ಯಾಗಾರಗಳನ್ನು ಹತ್ತಿರದಿಂದ ಕಂಡವರ ನೆನಪಿನಲ್ಲಿ ಮೊದಲು ಏಳುವುದು ರೆಸಿನ್ನಿನಲ್ಲಿರುವ ಸ್ಟೈರೀನ್ ಎಂಬ ರಾಸಾಯನಿಕದ, ಮೂಗಿಗೆ ಅಡರುವ ವಾಸನೆ ಮತ್ತು ಮುಂಗೈಗಳಲ್ಲಿ ದಿನಗಟ್ಟಲೆ ಉಳಿಯುತ್ತಿದ್ದ ಗಾಜಿನ ಪುಡಿಯ ತುರಿಕೆ. ಬಾಯಿಗೆ ಬಟ್ಟೆ ಕಟ್ಟಿಕೊಂಡರೆ ಸಾಕೆಂದು ನಂಬಿ ದುಡಿದ ಆ ಕೆಲಸಗಾರರ ಶ್ವಾಸಕೋಶಗಳ ಬಗ್ಗೆ ಯಾರೂ ಯೋಚಿಸಲಿಲ್ಲ ಎಂಬುದು ಈ ಕಸುಬಿನ ಇತಿಹಾಸದಲ್ಲಿ ಮರೆಯಬಾರದ ಮಾತು. ಕಾರ್ಖಾನೆಯ ಮುಚ್ಚಳವೊಂದಕ್ಕೆ ಮೇಣ ಸವರಿ ಅದರ ಮೇಲೆಯೇ ಅಚ್ಚು ತೆಗೆಯುತ್ತಿದ್ದರು. ಅಚ್ಚಿನೊಳಗೆ ಮೊದಲು ಜೆಲ್‌ಕೋಟ್ ಎಂಬ ನುಣುಪು ಪದರವನ್ನು ಹಚ್ಚಿ, ಅದರ ಬೆನ್ನಿಗೆ ಗಾಜಿನ ಚಾಪೆಯ ಪದರಗಳನ್ನು ಬ್ರಷ್ ಮತ್ತು ರೋಲರಿನಿಂದ ಕೂರಿಸುತ್ತಿದ್ದರು. ಪಾಲಿಯೆಸ್ಟರ್ ರೆಸಿನ್ ಗಟ್ಟಿಯಾಗುವಾಗ ಕುಗ್ಗುತ್ತದೆ. ಆದ್ದರಿಂದ ಅಚ್ಚಿನಿಂದ ಬಂದ ಮುಚ್ಚಳ ಮೂಲಕ್ಕಿಂತ ಕೂದಲೆಳೆಯಷ್ಟು ಕಿರಿದಾಗಿರುತ್ತಿತ್ತು, ಆ ಮುಚ್ಚಳದಿಂದ ಇನ್ನೊಬ್ಬರು ತೆಗೆದ ಅಚ್ಚಿನದು ಇನ್ನಷ್ಟು ಕಿರಿದು. ಸಾಲದ್ದಕ್ಕೆ, ಪೂರ್ತಿ ಹದಗೊಳ್ಳುವ ಮೊದಲೇ ಅವಸರದಲ್ಲಿ ಕಿತ್ತದ್ದು ಮೂಲೆಯಲ್ಲಿ ತಿರುಚಿಕೊಳ್ಳುತ್ತಿತ್ತು.

ಹೀಗೆ ಬಂದದ್ದನ್ನು ಕಾರಿಗೆ ಕೂರಿಸುವುದೇ ನಿಜವಾದ ವಿದ್ಯೆಯಾಗಿತ್ತು. ಹಳೆಯ 911 ಕಾರುಗಳ ದೇಹದ ಬಹುಪಾಲು ಅಂತಿಮ ಹೊಂದಾಣಿಕೆ ಕೈಕೆಲಸದ್ದು, ಮೇಲಾಗಿ ಎಷ್ಟೋ ಕಾರುಗಳು ನಡುವೆ ಒಮ್ಮೆಯಾದರೂ ಹಿಂದಿನಿಂದ ಗುದ್ದಿಸಿಕೊಂಡು ದುರಸ್ತಿಯಾದಂಥವು. ಆದಕಾರಣ ಒಂದು ಕಾರಿಗೆ ಒಪ್ಪಿದ ಮುಚ್ಚಳ ಇನ್ನೊಂದಕ್ಕೆ ಒಪ್ಪುತ್ತದೆಂಬ ಭರವಸೆ ಯಾರಿಗೂ ಇರಲಿಲ್ಲ. ಅನುಭವಿ ಕೆಲಸಗಾರ ಹೊಸ ಮುಚ್ಚಳವನ್ನು ಮೊದಲು ಕೆಲವು ದಿನ ಬಿಸಿಲಿಗೆ ಒಡ್ಡುತ್ತಿದ್ದ, ಏಕೆಂದರೆ ರೆಸಿನ್ ಪೂರ್ತಿ ಕುಗ್ಗುವ ಮೊದಲೇ ಬಣ್ಣ ಹೊಡೆದರೆ ಮುಂದೆ ಎಂಜಿನ್ನಿನ ಕಾವಿಗೆ ಗಾಜಿನ ಎಳೆಗಳ ಗುರುತು ಬಣ್ಣದ ಮೇಲೆ ಮೂಡುತ್ತದೆ. ಆಮೇಲೆ ಅಚ್ಚಿನ ಮೇಣವನ್ನು ದ್ರಾವಕದಿಂದ ತೊಳೆಯದೆ ಉಜ್ಜುಕಾಗದ ಮುಟ್ಟುತ್ತಿರಲಿಲ್ಲ. ಮೇಣ ಗೀರುಗಳೊಳಗೆ ಇಳಿದರೆ ಬಣ್ಣ ಅಲ್ಲಲ್ಲಿ ಗುಳಿಬಿದ್ದು ಸರಿಯುತ್ತದೆ.

ಜೋಡಣೆ ಶುರುವಾಗುತ್ತಿದ್ದುದು ಕೀಲುಗಳ ಬೋಲ್ಟುಗಳನ್ನು ಸಡಿಲವಾಗಿಟ್ಟು, ಮುಚ್ಚಳವನ್ನು ಎಡಬಲಕ್ಕೆ, ಹಿಂದುಮುಂದಕ್ಕೆ ಸರಿಸಿ, ಎರಡೂ ಮಡ್‌ಗಾರ್ಡುಗಳ ಜೊತೆಗಿನ ಸಂದನ್ನು ಸಮನಾಗಿಸುವುದರಿಂದ. ಸಂದು ಕಿರಿದಾದಲ್ಲಿ ಅಂಚನ್ನು ಮರದ ಪಟ್ಟಿಗೆ ಸುತ್ತಿದ ಉಜ್ಜುಕಾಗದದಿಂದ ತೇಯಬೇಕು. ಅಗಲವಾದಲ್ಲಿ ಪುಟ್ಟಿ ಮೆತ್ತಿ ಮುಚ್ಚಿದರೆ ಎಂಜಿನ್ನಿನ ನಡುಕಕ್ಕೆ ಅದು ಬಿರಿಯುವುದರಿಂದ, ಗಾಜಿನ ಎಳೆ ಬೆರೆತ ರೆಸಿನ್ನಿನಿಂದಲೇ ಅಂಚನ್ನು ಬೆಳೆಸಬೇಕು. ಕೆಳಗಿನ ರಬ್ಬರ್ ಬೀಡಿಂಗನ್ನು ಹಾಕದೆ ಅಳತೆ ನೋಡಿದವರು ಕೊನೆಗೆ ಮುಚ್ಚಳ ಮೇಲೆದ್ದು ನಿಂತದ್ದನ್ನು ಕಂಡು ಪರಿತಪಿಸುತ್ತಿದ್ದರು. ಪ್ರೈಮರ್ ಮತ್ತು ಬಣ್ಣದ ದಪ್ಪವನ್ನು ಲೆಕ್ಕಕ್ಕೆ ಹಿಡಿಯದವರ ಸಂದು ಬಣ್ಣವಾದ ಮೇಲೆ ಮುಚ್ಚಿಕೊಳ್ಳುತ್ತಿತ್ತು. ಇನ್ನು ಮುಚ್ಚಳವನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್, ಅಂದರೆ ಒತ್ತಿದ ಅನಿಲ ತುಂಬಿದ ಕೊಳವೆ, ಭಾರದ ತಗಡಿಗೆಂದು ರೂಪಿತವಾದದ್ದು. ಒಳಗೆ ಲೋಹದ ಚೌಕಟ್ಟಿಲ್ಲದ ಹಗುರ ಮುಚ್ಚಳಕ್ಕೆ ಅದನ್ನೇ ಉಳಿಸಿದರೆ ಒಂದೇ ಬದಿಯ ತಳ್ಳುವಿಕೆಗೆ ಮುಚ್ಚಳ ವರ್ಷಗಳಲ್ಲಿ ಸೊಟ್ಟಗಾಗುತ್ತದೆ. ಬಲ್ಲವರು ಅದನ್ನು ತೆಗೆದು ಕಡಿಮೆ ಬಲದ್ದನ್ನು ಹಾಕುತ್ತಿದ್ದರು, ಇಲ್ಲವೇ ಒಂದು ಊರುಗೋಲಿನಿಂದ ಕೆಲಸ ಸಾಗಿಸುತ್ತಿದ್ದರು.

ಮುಂದಿನ ಬಂಪರಿನ ಕೆಳಗೆ ಬಾತುಬಾಲಕ್ಕೆ ಜೊತೆಯಾಗುವ ತುಟಿಯಂಥ ಸ್ಪಾಯ್ಲರನ್ನು ಹಾಕದೆ ಬಾಲವೊಂದನ್ನೇ ಕೂರಿಸಿಕೊಂಡವರೂ ಆಗ ಬಹಳ ಮಂದಿ. ಆರ್‌ಎಸ್ 2.7 ಎರಡನ್ನೂ ಒಟ್ಟಿಗೆ ಪಡೆದದ್ದು ಸುಮ್ಮನಲ್ಲ: ಹಿಂಭಾಗ ನೆಲಕ್ಕೆ ಅಂಟಿ ಮುಂಭಾಗ ಹಗುರವಾಗಿ ಉಳಿದರೆ ಅತಿವೇಗದಲ್ಲಿ ಸ್ಟಿಯರಿಂಗಿನ ಖಚಿತತೆ ಕುಗ್ಗುತ್ತದೆ. ಆ ಕಾಲದ ಮಾರಾಟಗಾರರು ಇದನ್ನು ಗಿರಾಕಿಗಳಿಗೆ ಹೇಳಬೇಕಿತ್ತು.

1974ರಿಂದ ಕಾರ್ಖಾನೆಯೇ ರಬ್ಬರ್ ಅಂಚಿನ, ತಿಮಿಂಗಿಲಬಾಲ ಎಂಬ ಅಗಲವಾದ ಸ್ಪಾಯ್ಲರನ್ನು ತಂದ ಮೇಲೆ ಗಿರಾಕಿಗಳ ಒಲವು ಮೆಲ್ಲಗೆ ಅತ್ತ ಹೊರಳಿತು. ಗಾಳಿಯಿಂದ ತಣಿಯುವ 911 ಕಾರುಗಳ ತಯಾರಿಕೆ 1998ರಲ್ಲಿ ನಿಂತ ಮೇಲೆ ಹಳೆಯ ಕಾರುಗಳ ಬೆಲೆ ಏರಿ, ಬಾತುಬಾಲ ಮತ್ತೆ ಬೇಡಿಕೆಗೆ ಬಂತು. ಆದರೆ ಅಷ್ಟರಲ್ಲಿ ಕಸುಬು ಬೇರೆಯಾಗಿತ್ತು. ಈಗ ಮೂಲ ಭಾಗವನ್ನು ಸ್ಕ್ಯಾನ್ ಮಾಡಿ, ಕುಗ್ಗುವಿಕೆಯನ್ನು ಮೊದಲೇ ಲೆಕ್ಕಹಾಕಿ, ಯಂತ್ರದಲ್ಲಿ ಕೊರೆದ ಅಚ್ಚಿನೊಳಗೆ ನಿರ್ವಾತದ ಬಲದಿಂದ ರೆಸಿನ್ನನ್ನು ಎಳೆಸಿ ಮಾಡಿದ ಮುಚ್ಚಳಗಳು ಸಿಗುತ್ತವೆ. ಕೂರಿಸುವ ದುಡಿಮೆ ಅಷ್ಟರಮಟ್ಟಿಗೆ ತಗ್ಗಿದೆ, ಉಸಿರಾಟದ ಮುಖವಾಡವೂ ಬಂದಿದೆ. ಇನ್ನೂ ದೊಡ್ಡ ವ್ಯತ್ಯಾಸ ಮನೋಭಾವದ್ದು. ಹಿಂದೆ ಹಳೆಯ ತಗಡಿನ ಮುಚ್ಚಳವನ್ನು ಕಾರ್ಯಾಗಾರದ ಹಿತ್ತಲಿಗೆ ಎಸೆದು ಮರೆಯುತ್ತಿದ್ದ ಮಾಲೀಕರು, ಇಂದು ಅದನ್ನು ಜಾಲರಿ, ಹೆಸರಿನ ಅಕ್ಷರಗಳ ಸಮೇತ ಬಟ್ಟೆ ಸುತ್ತಿ ತೆಗೆದಿಡುತ್ತಾರೆ, ಹೊಸದಕ್ಕಾಗಿ ಕಾರಿನ ದೇಹದಲ್ಲಿ ಒಂದು ತೂತನ್ನೂ ಕೊರೆಯಲು ಒಪ್ಪುವುದಿಲ್ಲ, ಕೀಲು ಮತ್ತು ಲಾಕಿನ ಹಳೆಯ ಬೋಲ್ಟುಗಳಲ್ಲೇ ಎಲ್ಲವೂ ನಿಲ್ಲಬೇಕೆಂದು ಪಟ್ಟುಹಿಡಿಯುತ್ತಾರೆ. ಅಂಥ ಗಿರಾಕಿಯ ಮುಂದೆ ಕೆಲಸಗಾರನೂ ಮೊದಲ ದಿನವೇ ಹಳೆಯ ಮುಚ್ಚಳದ ಸಂದುಗಳನ್ನು ಅಳೆದು ಬರೆದಿಟ್ಟುಕೊಂಡು ಆಮೇಲೆ ಸ್ಪ್ಯಾನರ್ ಕೈಗೆತ್ತಿಕೊಳ್ಳುತ್ತಾನೆ.